ಚಂದ್ರಲೇಖಾ ಬಗ್ಗೆ ಯಾವ ವಿಮರ್ಶೆ ನಂಬೋದು?

ತುಮಕೂರಿನ ಕಾಲೇಜು ಸೆಮಿನಾರ್‌ಗೆ ನೃತ್ಯ ಸಂಯೋಜಕಿ ಚಂದ್ರಲೇಖಾ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಒಬ್ಬ ವಿಮರ್ಶಕರು ಕೊಂಡಾಡುತ್ತಾರೆ, ಇನ್ನೊಬ್ಬರು ಇದು ಭರತನಾಟ್ಯವೇ ಅಲ್ಲ ಅನ್ನುತ್ತಾರೆ, ಯಾರದ್ದು ಸರಿ ಅಂತ ಕೇಳಿದ್ದೀರಿ. ಅವರಿಬ್ಬರೂ ಯಾವ ಪ್ರಯೋಗ ನೋಡಿ ಬರೆದರು ಅನ್ನೋದನ್ನ ಮೊದಲು ನೋಡಿ.

ಆಕೆಯ 1985ರ ಪ್ರಯೋಗ 'ಆಂಗಿಕ'ದಲ್ಲಿ ಭರತನಾಟ್ಯ, ಯೋಗ, ಕೇರಳದ ಸಮರಕಲೆ ಕಳರಿಪಯಟ್ಟು ಒಂದೇ ವೇದಿಕೆಗೆ ಬಂದವು. ದೇವರ ಕಥೆ, ಭಕ್ತಿ, ಥಳುಕಿನ ಒಡವೆ ಹಿಂದೆ ಸರಿದು ಅರಮಂಡಿ (ಮಂಡಿ ಹೊರಕ್ಕೆ ಬಾಗಿಸಿ ಅರೆ ಕುಳಿತ ನಿಲುವು), ಅಡವಿನ (ಮೂಲ ಹೆಜ್ಜೆಗಳ) ರೇಖೆಗಳು ಮುಂದೆ ಬಂದವು. ಸಂಪ್ರದಾಯದವರ ತಕರಾರಿನ ಬೇರು ಇಲ್ಲೇ ಇದೆ. 'ಇವರಿಗೆ ಭರತನಾಟ್ಯ ಗೊತ್ತಿಲ್ಲ' ಅಂತ ಯಾರಾದರೂ ಬರೆದಿದ್ದರೆ ಪಕ್ಕಕ್ಕಿಡಿ. ಆಕೆ ಕಲಿತದ್ದು ಭರತನಾಟ್ಯ ಗುರು ಕಾಂಚೀಪುರಂ ಎಲ್ಲಪ್ಪ ಪಿಳ್ಳೈ ಅವರ ಬಳಿ. 2001ರ 'ಶರೀರ'ದ ಲೆಕ್ಕವೇ ಬೇರೆ: ಒಬ್ಬ ಹೆಣ್ಣು, ಒಬ್ಬ ಗಂಡು, ಗುಂದೇಚಾ ಸಹೋದರರ ಧ್ರುಪದ್ (ಹಿಂದೂಸ್ತಾನಿ ಗಾಯನ ಶೈಲಿ), ಉಸಿರಿನಷ್ಟು ನಿಧಾನದ ಚಲನೆ. ಒಂದರ ಟೀಕೆಯನ್ನ ಇನ್ನೊಂದಕ್ಕೆ ಅಂಟಿಸಿದರೆ ಕೆಡುತ್ತದೆ.

ವಿಮರ್ಶೆ ಓದುವಾಗ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಗೆರೆ ಹಾಕಿ: ಬಾಗಿದರು, ತಡೆದರು, ಉರುಳಿದರು. ಅಂಥದ್ದು ಒಂದೂ ಸಿಗದೆ ಬರೀ 'ದಿಟ್ಟ', 'ಅಶ್ಲೀಲ' ಇದ್ದರೆ ಅದು ಅಭಿಪ್ರಾಯ ಅಷ್ಟೇ.

'ಶರೀರ'ದ ಕ್ಲಿಪ್ ತೋರಿಸೋದಾದರೆ ಕತ್ತರಿಸಿ ಜೋಡಿಸಿದ್ದು ಬೇಡ, ಕಟ್ ಇಲ್ಲದ ಎರಡು ನಿಮಿಷ ಸಾಕು. ಎಡಿಟ್ ಮಾಡಿದರೆ ಮೊದಲು ಹೋಗೋದೇ ಆ ನಿಧಾನ, ಆಮೇಲೆ ಸಭೆಗೆ ಅದು ಯೋಗಾಸನ ಪ್ರದರ್ಶನದ ಥರ ಕಾಣುತ್ತದೆ. ಭರತನಾಟ್ಯ ಕಲಿಯೋರು ಸಭೆಯಲ್ಲಿ ಇದ್ದೇ ಇರ್ತಾರೆ; ಅವರಲ್ಲೊಬ್ಬರನ್ನ ಒಂದು ನಿಮಿಷ ಅರಮಂಡಿಯಲ್ಲಿ ಅಲುಗಾಡದೆ ನಿಲ್ಲೋಕೆ ಹೇಳಿ, ಅದು ಎಷ್ಟು ಕಷ್ಟ ಅಂತ ಸಭೆಗೆ ಕಾಣಲಿ, ಆಮೇಲೆ ಕ್ಲಿಪ್ ಹಾಕಿ.