ಚದರಡಿ ದರವೊಂದನ್ನೇ ನಂಬಬಹುದೇ?

ಪ್ರಶ್ನೆ: 30x40 ಅಡಿ ನಿವೇಶನದಲ್ಲಿ ಮನೆ ಕಟ್ಟಿಸಲಿದ್ದೇವೆ. ಗುತ್ತಿಗೆದಾರರು ಚದರಡಿ ಲೆಕ್ಕದಲ್ಲಿ ದರ ಹೇಳಿದ್ದಾರೆ. ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ ಒಟ್ಟು ವೆಚ್ಚ ಸಿಗುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಸಿಗುವುದಿಲ್ಲ. ಸಂಪು, ಕಾಂಪೌಂಡ್ ಗೋಡೆ, ಕೊಳವೆಬಾವಿ, ನಕ್ಷೆ ಮಂಜೂರಾತಿ ಹಾಗೂ ವಿದ್ಯುತ್ ಸಂಪರ್ಕದ ಶುಲ್ಕಗಳು ಸಾಮಾನ್ಯವಾಗಿ ಈ ದರದ ಹೊರಗೇ ಉಳಿಯುತ್ತವೆ. ಬಾಲ್ಕನಿ ಮತ್ತು ಮೆಟ್ಟಿಲಿನ ಜಾಗವನ್ನು ಪೂರ್ತಿ ಅಳೆಯುತ್ತಾರೋ ಅರ್ಧವೋ ಎಂಬುದನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ನಿಮ್ಮ ಭಾಗದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಪಾಯದ ಬಗ್ಗೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವುದರಿಂದ, ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕಾಗಬಹುದು ಅಥವಾ ಬೇರೆಯೇ ಬಗೆಯ ಪಾಯ ಬೇಕಾಗಬಹುದು. ಆಗ ನೆಲಮಟ್ಟಕ್ಕೆ ಬರುವ ಮೊದಲೇ ಅಂದಾಜು ಮೀರುತ್ತದೆ. ನಿಮ್ಮ ನಿವೇಶನ ಎರೆ ಭೂಮಿಯಲ್ಲಿದ್ದರೆ ದರ ಮಾತಾಡುವ ಮುನ್ನ ದಯವಿಟ್ಟು ಮಣ್ಣು ಪರೀಕ್ಷೆ ಮಾಡಿಸಿ, ಪಾಯಕ್ಕೆ ಪ್ರತ್ಯೇಕ ಅಂದಾಜು ಕೇಳಿ.

ಸಾಮಗ್ರಿಯ ಲೆಕ್ಕವನ್ನು ಸ್ಥೂಲವಾಗಿ ನೀವೇ ಪರಿಶೀಲಿಸಬಹುದು: 1,000 ಚದರಡಿಗೆ ಸುಮಾರು 400 ಚೀಲ ಸಿಮೆಂಟ್, 4 ಟನ್ ಕಬ್ಬಿಣ. ಗುತ್ತಿಗೆದಾರರ ಪಟ್ಟಿ ಇದಕ್ಕಿಂತ ತೀರಾ ಭಿನ್ನವಾಗಿದ್ದರೆ, ವಿನ್ಯಾಸ ಮಾಡಿದ ಎಂಜಿನಿಯರರಿಂದ ಕಾರಣ ಕೇಳಿ ತಿಳಿದುಕೊಂಡ ನಂತರವೇ ಮುಂಗಡ ಕೊಡಿ.