ದನಿ ಕೊಡುವುದೋ, ಅನಿಮೇಶನ್ ಮಾಡುವುದೋ ಅಂತ ಕೇಳಿದವರಿಗೆ

ಬಾಗಲಕೋಟೆಯಲ್ಲಿದ್ದೀರಿ, ಹತ್ತಾರು ಕಾರ್ಟೂನ್ ದನಿ ತೆಗೆಯುತ್ತೀರಿ, ಚಿತ್ರವೂ ಬರೆಯುತ್ತೀರಿ. ಎರಡರಲ್ಲಿ ಯಾವುದು ಹಿಡಿಯಲಿ ಅಂತ ಕೇಳಿದ್ದೀರಿ. ನಾನು ಬನಹಟ್ಟಿಯವನು. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಚಿತ್ರ ಹಿಡಿದೆ. ದನಿ ಬೇರೆಯವರ ಕೆಲಸ ಅಂದುಕೊಂಡೆ. ಅಲ್ಲೇ ಏಟು ಬಿತ್ತು.

ಒಂದು ಸಂಸ್ಥೆಯವರು ರೈತರಿಗೆ ತೋರಿಸಲು ಸಣ್ಣ ಕಾರ್ಟೂನ್ ಕೇಳಿದ್ದರು. ನಮ್ಮ ಕಡೆ ಕಬ್ಬಿಗೆ ನೀರು ಜಾಸ್ತಿ ಬಿಟ್ಟು ಎಷ್ಟೋ ಹೊಲ ಉಪ್ಪೇರಿ ಸವುಳು ಹಿಡಿದಿವೆ, ನಿಮಗೂ ಗೊತ್ತು. ಕಥೆಯಲ್ಲಿ ಒಬ್ಬ ಮುದುಕ ಮೊಮ್ಮಗನ ಮುಂದೆ ನಿಂತು "ಹೊಲ ಕೆಡಿಸಿದಾಂವ ನಾನ" ಅನ್ನಬೇಕು. ದನಿಗೆ ಕಂಪನಿ ನಾಟಕದ ಒಬ್ಬ ಹಿರಿಯ ನಟರನ್ನು ಒಪ್ಪಿಸಿದ್ದೆ. ಕಾಕಾ ಅಂತಲೇ ಕರೆಯುತ್ತಿದ್ದೆ. ಆದರೆ ಬನಶಂಕರಿ ಜಾತ್ರೆ ಶುರುವಾಗಿತ್ತು. ಅವರ ಕಂಪನಿ ಅಲ್ಲೇ ಬೀಡು ಬಿಟ್ಟಿತ್ತು. ಜಾತ್ರೆಯ ನಾಟಕಗಳು ಮುಗಿಯುವವರೆಗೆ ಬರಲು ಆಗುವುದಿಲ್ಲ ಅಂದರು.

ನಾನು ಕಾಯಲಿಲ್ಲ. ಮಾತುಗಳನ್ನು ನಾನೇ ಫೋನಿನಲ್ಲಿ ಹೇಳಿ, ಅದರ ಮೇಲೆ ಚಿತ್ರ ಬರೆಯತೊಡಗಿದೆ. ಬಾಯಿ ಆಮೇಲೆ ತಿದ್ದಿದರಾಯಿತು ಅಂತ ನನ್ನ ಲೆಕ್ಕ. ಪ, ಬ, ಮ ಬಂದಾಗ ತುಟಿ ಮುಚ್ಚಬೇಕು, ಉ, ಓ ಬಂದಾಗ ದುಂಡಗಾಗಬೇಕು, ಆ ಬಂದಾಗ ತೆರೆಯಬೇಕು. ಆ ಪಟ್ಟಿ ಕೈಯಲ್ಲಿತ್ತು, ಅದಕ್ಕಿಂತ ಹೆಚ್ಚೇನಿದೆ ಅನ್ನಿಸಿತ್ತು. ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ 24 ಬಿಡಿ ಚಿತ್ರ. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 12 ಚಿತ್ರ ಬೇಕು. ಇಡೀ ದೃಶ್ಯ ಬರೆದು ಮುಗಿಸಿದೆ. ಮುದುಕನ ಆ ಮಾತನ್ನು ನಾನು ಕೂಗಿ ಹೇಳಿದ್ದೆ. ಹಾಗಾಗಿ ನನ್ನ ಮುದುಕ ತಲೆಯ ಮೇಲೆ ಕೈಹೊತ್ತು ಬಾಯಿ ತೆರೆದು ಅಳುತ್ತಿದ್ದ.

ಜಾತ್ರೆ ಮುಗಿಸಿ ಕಾಕಾ ಬಂದರು. ಹಗಲೆಲ್ಲ ಮಗ್ಗದ ಸದ್ದು. ರಾತ್ರಿ ಮಗ್ಗ ನಿಂತ ಮೇಲೆ, ಗೋಡೆಗೆ ಕೌದಿ ಕಟ್ಟಿ ರೆಕಾರ್ಡ್ ಮಾಡಿದೆವು. "ಹೊಲ ಕೆಡಿಸಿದಾಂವ" ಅಂದು ಅವರು ನಿಂತುಬಿಟ್ಟರು. ಉಸಿರು ಒಳಗೆ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ "ನಾನ" ಅನ್ನುವುದು ದನಿಯೇ ಇಲ್ಲದಷ್ಟು ಸಣ್ಣಗೆ ಬಂತು. ಕೌದಿಯ ಮೂಲೆ ಹಿಡಿದು ನಿಂತಿದ್ದ ನನ್ನ ತಮ್ಮ ತಲೆ ತಗ್ಗಿಸಿದ. ಕಾಕಾ ಪರದೆ ನೋಡಿ, "ತಮ್ಮಾ, ನಾ ಉಸಿರು ತಗೊಳ್ಳೂಮುಂದ ನಿನ್ನ ಮುದುಕ ಬಾಯಿ ಮುಚ್ಚವಲ್ಲ" ಅಂದರು.

ತುಟಿ ತಿದ್ದಿದರೆ ಮುಗಿಯುತ್ತಿರಲಿಲ್ಲ. ಭಾರವಾದ ಮಾತು ಬರುವ ಮೊದಲೇ ಮೈ ಹೊರಡುತ್ತದೆ. ಕಣ್ಣು ಇಳಿಯುತ್ತದೆ, ಕತ್ತು ಬಾಗುತ್ತದೆ, ಎದೆ ತುಂಬುತ್ತದೆ, ಆಮೇಲೆ ದನಿ. ಅದನ್ನೆಲ್ಲ ನಾನು ಬೇರೊಂದು ದನಿಗೆ ಬರೆದುಬಿಟ್ಟಿದ್ದೆ. ಮತ್ತೆ ಬರೆಯುವ ಬದಲು, ನನ್ನ ಚಿತ್ರಕ್ಕೆ ತಕ್ಕಂತೆ ಕೂಗಿ ಹೇಳಿ ಅಂತ ಕಾಕಾನನ್ನೇ ಕೇಳಿದೆ. ನಾಟಕದಲ್ಲಿ ಕಡೆಯ ಸಾಲಿನ ಜನಕ್ಕೂ ದನಿ ಮುಟ್ಟಿಸಿದವರು, ಕೂಗಿದರು. ತುಟಿ ಕೂಡಿತು, ದುಃಖ ಹೋಯಿತು. ಹಾಗೇ ಕೊಟ್ಟೆ. ಹಳ್ಳಿಯಲ್ಲಿ ತೋರಿಸಿದಾಗ ಮುದುಕ ಅತ್ತರೆ ಜನ ನಕ್ಕರು. ಮೊದಲಿನ ರೆಕಾರ್ಡಿಂಗ್ ಇಟ್ಟುಕೊಂಡು ಪೂರ್ತಿ ಮತ್ತೆ ಬರೆದುಕೊಟ್ಟೆ. ಅರ್ಧ ದುಡ್ಡು ಹೋಯಿತು, ಮುಂದಿನ ಕೆಲಸ ಬೇರೆಯವರಿಗೆ ಹೋಯಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಾತ್ರ ಒಂದೇ, ಅದನ್ನು ಇಬ್ಬರು ಸೇರಿ ನಟಿಸುತ್ತಾರೆ. ಹೊಸದಾಗಿ ಮಾಡುವ ಕಾರ್ಟೂನಿಗೆ ಸಾಮಾನ್ಯವಾಗಿ ದನಿ ಮೊದಲು, ಚಿತ್ರ ಆಮೇಲೆ. 2009ರಲ್ಲಿ ಶುರುವಾದ ಚಿಂಟು ಟಿವಿಯಲ್ಲಿ ನಾವು ಕನ್ನಡದಲ್ಲಿ ಕೇಳಿದ ದನಿಗಳು ಬಹುಪಾಲು ಡಬ್ಬಿಂಗ್. ಅಲ್ಲಿ ಬೇರೆ ಭಾಷೆಗೆ ಆಡಿದ ತುಟಿಯೊಳಗೆ ಕನ್ನಡ ಕೂರಿಸಬೇಕು. ಅದು ಕಷ್ಟದ ವಿದ್ಯೆಯೇ. ಆದರೆ ಅದನ್ನು ಮಾತ್ರ ಕೇಳಿ ಬೆಳೆದರೆ ದನಿ ಅಂದರೆ ಚಿತ್ರದ ಮೇಲೆ ಅಂಟಿಸುವುದು ಅನ್ನಿಸಿಬಿಡುತ್ತದೆ. ನನಗೆ ಹಾಗೇ ಅನ್ನಿಸಿತ್ತು.

ಮಿಮಿಕ್ರಿ ಬಗ್ಗೆಯೂ ಹೇಳಬೇಕು. ಡೊನಾಲ್ಡ್ ಡಕ್‌ಗೆ ದನಿ ಕೊಟ್ಟ ಕ್ಲಾರೆನ್ಸ್ ನ್ಯಾಶ್ ಪ್ರಾಣಿಗಳ ದನಿ ತೆಗೆಯುತ್ತಲೇ ಬಂದವರು. 1934ರಿಂದ ಸುಮಾರು 50 ವರ್ಷ ಆ ಬಾತುಕೋಳಿಯ ಜೊತೆ ಇದ್ದರು. ಅದರ ಅರ್ಧ ಮಾತು ತಿಳಿಯುವುದೇ ಇಲ್ಲ, ಆದರೂ ಸಿಟ್ಟು ತಿಳಿಯುತ್ತದೆ ಅಲ್ವಾ? ಆ ಸಿಟ್ಟಿಗೆ ಮುಷ್ಟಿ, ಕುಣಿತ ಕೊಟ್ಟವರಲ್ಲಿ ಡಿಕ್ ಲಂಡಿ ಅನ್ನುವ ಅನಿಮೇಟರ್ ಒಬ್ಬರು. ನಿಮ್ಮ ಹತ್ತಾರು ದನಿಗಳಲ್ಲಿ ಸಿಟ್ಟು, ನಾಚಿಕೆ, ಹಸಿವು ಯಾವುದಕ್ಕೆ ಬರುತ್ತದೆ ನೋಡಿ. ಅದೊಂದನ್ನು ಇಟ್ಟುಕೊಳ್ಳಿ, ಉಳಿದದ್ದು ಬಿಡಿ.

ದುಬಾರಿ ಕೋರ್ಸಿಗೆ ಬೆಂಗಳೂರಿಗೆ ಓಡುವ ಮೊದಲು ಊರಿನ ಸುತ್ತ ಶ್ರೀಕೃಷ್ಣ ಪಾರಿಜಾತದ ಬಯಲಾಟ ಎಲ್ಲಿದ್ದರೂ ಹೋಗಿ ಕೂತು ನೋಡಿ. ಸತ್ಯಭಾಮೆಯ ಸೊಕ್ಕು ಮಾತಿಗೂ ಮೊದಲು ಎಲ್ಲಿ ಕಾಣುತ್ತದೆ ನೋಡಿ. ಆಮೇಲೆ ನಿಮ್ಮದೇ ದನಿಯಲ್ಲಿ ಒಂದೇ ಸಾಲು ರೆಕಾರ್ಡ್ ಮಾಡಿ, ಹೇಳುವಾಗ ನಿಮ್ಮ ಮುಖದ ವಿಡಿಯೊ ಹಿಡಿದು, ಅಷ್ಟಕ್ಕೇ ಚಿತ್ರ ಬರೆಯಿರಿ. ಬಾಯಿ ಕೊನೆಗೆ ಬರೆಯಿರಿ.

ಕೆಲಸ ಹಿಡಿದಾಗ ಕಾಗದದಲ್ಲಿ ಒಂದು ಸಾಲು ಬರೆಸಿಕೊಳ್ಳಿ: ದನಿಗೆ ಒಪ್ಪಿಗೆ ಸಿಕ್ಕ ಮೇಲೆಯೇ ಚಿತ್ರ ಶುರು, ಆಮೇಲೆ ಮಾತು ಬದಲಿಸಿದರೆ ಬೇರೆ ದುಡ್ಡು. ಇದಕ್ಕೆ ಒಪ್ಪದವರ ಕೆಲಸ ಬಿಡಿ.