ವ್ಯಾಪಾರಸ್ಥರ ಸಂಪರ್ಕದ ರೀತಿ ಕಾಲಕಾಲಕ್ಕೆ ಹೇಗೆ ಬದಲಾಯಿತು?

ನಮ್ಮ ದೇಶದ ಮಟ್ಟಿಗೆ ದೊಡ್ಡ ತಿರುವು ಕೊಟ್ಟದ್ದು ತಂತಿ, ಅಂದರೆ ಟೆಲಿಗ್ರಾಂ. ಅದಕ್ಕೂ ಮೊದಲು ದರ ಕೇಳಿ ಕಾಗದ ಬರೆದರೆ, ಉತ್ತರ ಬರುವಷ್ಟರಲ್ಲಿ ದರವೇ ಏರುಪೇರಾಗಿರುತ್ತಿತ್ತು. ತಂತಿಗೆ ಪದಗಳ ಲೆಕ್ಕದಲ್ಲಿ ದುಡ್ಡು ಕೊಡಬೇಕಿತ್ತು. ವಿಳಾಸದ ಪದಗಳನ್ನೂ ಲೆಕ್ಕದಿಂದ ಬಿಡುತ್ತಿರಲಿಲ್ಲ. ಹಾಗಾಗಿ ಅಂಗಡಿಗಳು ಒಂದೇ ಪದದ ತಂತಿ ವಿಳಾಸ ನೋಂದಾಯಿಸಿಕೊಳ್ಳುತ್ತಿದ್ದವು. ಹಳೆಯ ಬಿಲ್ಲು, ಲೆಟರ್‌ಹೆಡ್‌ಗಳಲ್ಲಿ ‘ಗ್ರಾಂಸ್’ ಎಂದು ಅಚ್ಚಾಗಿರುವುದು ಅದೇ.

ಫೋನ್ ಬಂದ ಮೇಲೂ ಬೇರೆ ಊರಿಗೆ ಮಾತಾಡಲು ಆಪರೇಟರ್ ಜೋಡಿಸಿಕೊಡುವ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. 1960ರಲ್ಲಿ ಕಾನ್ಪುರ–ಲಖನೌ ನಡುವೆ ಎಸ್‌ಟಿಡಿ, ಅಂದರೆ ಬೇರೆ ಊರಿಗೆ ನಾವೇ ನೇರವಾಗಿ ಡಯಲ್ ಮಾಡುವ ಸೌಲಭ್ಯ, ಶುರುವಾಯಿತು. ಆಮೇಲೆ ಫ್ಯಾಕ್ಸ್, ಇಮೇಲ್, 1995ರಲ್ಲಿ ಮೊಬೈಲ್. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು.

ಈಗ ವಾಟ್ಸಾಪ್‌ನಲ್ಲಿ ಮಾಲಿನ ಫೋಟೊ ಬಂತೆಂದರೆ ಅಲ್ಲೇ ದರ ಮಾತಾಡಿ ಮುಗಿಸುತ್ತಾರೆ. ಆದರೂ ದೊಡ್ಡ ಆರ್ಡರ್ ಇದ್ದರೆ ದರ, ಪ್ರಮಾಣ, ತಲುಪಿಸುವ ದಿನ ಮೂರನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳುವುದೇ ಕ್ಷೇಮ.